ಟೈಲರನ ಮೂರು ಹಾಡು

ಬೆಳಿಗ್ಗೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಚಿಂದಿಯೊಂದರ ಮೇಲೆ ಓಡಿಸಿ, ಆಮೇಲೆ ಟೇಪ್‌ರೆಕಾರ್ಡರಿನ ಗುಂಡಿ ಒತ್ತುವುದು ಟೈಲರನ ಪದ್ಧತಿ. ಹಾಡಿಲ್ಲದೆ ಅವನ ಕಾಲು ಪೆಡಲಿನ ಮೇಲೆ ಓಡದು. ಆ ದಿನ ಎಣ್ಣೆಯ ಡಬ್ಬಿ ಕೈಯಲ್ಲಿರುವಾಗಲೇ ಬಾಮೈದ ಒಳಗೆ ನುಗ್ಗಿದ. ಎಲೆಕ್ಟ್ರಾನಿಕ್ಸ್ ಅಂಗಡಿಯ ಸಾಮಾನು ಮನೆಮನೆಗೆ ತಲುಪಿಸುವುದು ಅವನ ಕೆಲಸ.

“ಭಾವ, ಹೊಸಾ ಪ್ಲೇಯರ್ ಎರಡು ತಂದಿದೀನಿ. ಎರಡನ್ನೂ ನೋಡಿ, ಒಂದು ಇಟ್ಕೊಳ್ಳಿ. ನಿಮ್ಮ ಮದುವೆಗೆ ನಾನೇನೂ ಕೊಟ್ಟಿರಲಿಲ್ಲ.”

“ನಿಂಗಾಗ ಚಡ್ಡಿ ಹಾಕ್ಕೊಳ್ಳೋಕೂ ಬರ್ತಿರ್ಲಿಲ್ಲ ಬಿಡು,” ಅಂದಳು ಅವನ ಅಕ್ಕ.

ಒಂದು ಬರೀ ಹಾಡುವಂಥದು, ಬೆಂಕಿಪೊಟ್ಟಣದಷ್ಟು. ಇನ್ನೊಂದು ಸಿನಿಮಾ ತೋರಿಸುವಂಥದು, ಇಸ್ತ್ರಿಪೆಟ್ಟಿಗೆಯ ಮರಿಯ ಹಾಗೆ ದಪ್ಪಗೆ, ಬೆಚ್ಚಗೆ. ಖಾಲಿ ಡಬ್ಬಗಳು ಮಗಳ ಪಾಲಾದವು.

“ಅಪ್ಪ, ಈ ಡಬ್ಬದ ಮೇಲೆ...”

“ಆಮೇಲೆ ಪುಟ್ಟಿ.”

ಸಿನಿಮಾದ ಸದ್ದಿಗೆ ಪಕ್ಕದ ಮನೆಯ ವಾಚ್ ರಿಪೇರಿಯವರು ಬಂದರು. ಸಿನಿಮಾ ಯಂತ್ರದ ಪರದೆ ಅಂಗೈಯಷ್ಟು. ನೇರ ನೋಡಿದರೆ ಬಣ್ಣ, ಓರೆಯಾಗಿ ನೋಡಿದರೆ ನಾಯಕಿಯ ಮುಖ ಫೋಟೋ ನೆಗೆಟಿವ್. ಹಾಗಾಗಿ ಎಲ್ಲರ ತಲೆಗಳೂ ಪಾತ್ರೆ ಜೋಡಿಸಿಟ್ಟಂತೆ ಒಂದರ ಮೇಲೊಂದು ಏರಿದವು. ಟೈಲರ್ ಅದನ್ನು ಹೊಲಿಗೆ ಯಂತ್ರಕ್ಕೆ ಒರಗಿಸಿಟ್ಟು, ಮಹಡಿ ಮನೆಯ ಟೀಚರಮ್ಮನ ಕಿಟಕಿ ಪರದೆ ಹೊಲಿಯತೊಡಗಿದ. ಆಹಾ, ನಾಯಕ ಬೆಟ್ಟ ಹತ್ತುವಾಗ ಅವನ ಅಂಗಿಯ ಗುಂಡಿಗಳೂ ಕಾಣುತ್ತಿದ್ದವು.

ಅಷ್ಟರಲ್ಲಿ ಟೀಚರಮ್ಮನೇ ಬಂದರು. ಟೈಲರ್ ಗೌರವದಿಂದ ಎದ್ದು ಕುರ್ಚಿ ತರಲು ಹೋದ. ಕಿಟಕಿ ಪರದೆ ಮಹಾರಾಣಿಯ ಸೆರಗಿನಂತೆ ಅವನ ಹಿಂದೆಯೇ ಹೊರಟಿತು.

“ನನ್ನ ಪರದೆ ಎಲ್ಲಿಗೆ ಹೊರಟಿತು ಟೈಲರೇ?”

ನೋಡಿದರೆ ಅವನ ಅಂಗಿಯ ಅಂಚಿಗೂ ಪರದೆಗೂ ಗಟ್ಟಿ ಹೊಲಿಗೆ ಬಿದ್ದಿತ್ತು. ಅದನ್ನು ಬಿಚ್ಚುತ್ತಾ ಟೈಲರ್ ತೀರ್ಮಾನಕ್ಕೆ ಬಂದ. “ಕಣ್ಣು ನನ್ನ ಕಸುಬಿಗೆ ಬೇಕು. ಕಿವಿ ಬಿಡುವಾಗಿದೆ. ಹಾಡೋದೇ ಇರ್ಲಿ.”

ವಾಚ್ ರಿಪೇರಿಯವರು ಕಣ್ಣಿಗೆ ಭೂತಗನ್ನಡಿ, ಕಿವಿಗೆ ಇಯರ್‌ಫೋನ್ ಏರಿಸಿ ಪುಟ್ಟ ಯಂತ್ರವನ್ನು ಮಜ್ಜಿಗೆ ಕಡೆದಂತೆ ಅಲುಗಿಸಿದರು. ಹಾಡು ತಡವರಿಸಲಿಲ್ಲ. “ಒಳಗೆ ಚಕ್ರ ಇಲ್ಲ, ರೀಲಿಲ್ಲ. ನಮ್ಮಂಥವರ ಹೊಟ್ಟೆ ಮೇಲೆ ಹೊಡೆಯೋ ವಸ್ತು. ಆದ್ರೂ ಕೈ ಮುಗೀಬೇಕು ಅನ್ಸುತ್ತೆ.”

“ಸಾವಿರ ಹಾಡಿಗೆ ಜಾಗ ಇದೆ ಭಾವ,” ಎಂದು ಹೇಳಿ ಬಾಮೈದ ಸಿನಿಮಾ ಯಂತ್ರವನ್ನು ಎತ್ತಿಕೊಂಡು ಹೊರಟ.

“ಅಪ್ಪ, ಈ ಚಿತ್ರದಲ್ಲಿ...”

“ದೊಡ್ಡವರು ಮಾತಾಡ್ತಿದೀವಲ್ಲಾ ಪುಟ್ಟಿ.”

“ಹಾಗಾದ್ರೆ ಟೈಲರೇ,” ವಾಚ್ ರಿಪೇರಿಯವರು ಗಂಟಲು ಸರಿಮಾಡಿಕೊಂಡರು, “ಆ ಹಳೇ ಟೇಪು ಇನ್ನು ನಿಮಗೇಕೆ?”

ಟೈಲರನ ಮನಸ್ಸು ಆಗ ಉಬ್ಬಿದ ಪೂರಿಯಾಗಿತ್ತು. ಟೇಪ್‌ರೆಕಾರ್ಡರನ್ನೂ ಕ್ಯಾಸೆಟ್ಟಿನ ಪೆಟ್ಟಿಗೆಯನ್ನೂ ಎತ್ತಿ ಅವರ ಕೈಗಿಟ್ಟ.

“ಒಂದು ಕ್ಯಾಸೆಟ್ಟಾದ್ರೂ ಇಟ್ಕೊಳ್ರೀ,” ಅಂದಳು ಹೆಂಡತಿ.

“ಸಾವಿರ ಹಾಡಿಗೆ ಜಾಗ ಇರುವಾಗ ಆ ಕಸ ಏಕೆ?”

ಸಂಜೆ ಟೈಲರ್ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಪೆಡಲು ತುಳಿದ. ಎಂಥ ಸ್ಪಷ್ಟತೆ. ಹಾಡುವವಳು ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಒಂದು ಹಾಡು ಮುಗಿಯಿತು, ಎರಡನೆಯದು ಮುಗಿಯಿತು, ಮೂರನೆಯದೂ ಮುಗಿಯಿತು. ಮತ್ತೆ ಮೊದಲಿನದೇ ಬಂತು. ತನ್ನ ಮೆಚ್ಚಿನ ಹಾಡಿಗಾಗಿ ಟೈಲರ್ ಇದ್ದ ಗುಂಡಿಗಳನ್ನೆಲ್ಲ ಒತ್ತಿದ. ಅಂಗಡಿಯವರು ಮಾದರಿಗೆಂದು ಹಾಕಿದ್ದ ಆ ಮೂರೇ ಹಾಡು ಗಾಣದೆತ್ತಿನಂತೆ ಸುತ್ತು ಹೊಡೆದವು.

ಬೇಸತ್ತು ಕಿವಿಯಿಂದ ಕಿತ್ತ. ಗೋಡೆಯಾಚೆ ವಾಚ್ ರಿಪೇರಿಯವರ ಮನೆಯಲ್ಲಿ ಅವನ ಮೆಚ್ಚಿನ ಹಾಡು ಅವನದೇ ಟೇಪಿನಲ್ಲಿ, ಹಳೆಯ ಗೊರಗೊರದೊಂದಿಗೆ, ಹಾಯಾಗಿ ಹರಿಯುತ್ತಿತ್ತು.

ಮಗಳು ಅಂಗಿಯ ತೋಳು ಎಳೆದಳು. ಕೈಯಲ್ಲಿ ಅದೇ ಡಬ್ಬ.

“ಹೇಳು ಪುಟ್ಟಿ,” ಅಂದ ಟೈಲರ್, ಸೋತ ದನಿಯಲ್ಲಿ.

“ಹಾಡು ತುಂಬೋಕೆ ಇದರಿಂದ ಕಂಪ್ಯೂಟರಿಗೆ ವೈರು ಹಾಕ್ಬೇಕು ಅಂತ ಚಿತ್ರ ಇದೆ ಅಪ್ಪ. ವೈರು ಸಿಕ್ತು. ಕಂಪ್ಯೂಟರ್ ಯಾವ ಡಬ್ಬದಲ್ಲಿದೆ?”