ಒಂದೇ ಸಲ ಕೇಳುವ ಮನೆ

ನಮ್ಮ ಕಡೆ ‘ಬ್ಯಾಡ’ ಎಂಬ ಮಾತನ್ನು ಯಾರೂ ನಂಬುವುದಿಲ್ಲ. ನಂಬಲೂಬಾರದು, ನಂಬಿದರೆ ಅದು ಬಂದವರಿಗೆ ಮಾಡಿದ ಅವಮಾನ. ಬೇರೆ ಊರುಗಳ ಕಥೆ ನನಗೆ ಗೊತ್ತಿಲ್ಲ, ಬೆಳಗಾವಿಯಲ್ಲಂತೂ ಹೀಗೆಯೇ. ನಾನು ಆಟೋ ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವವನು. ಮಾಲು ಕೊಡಲು ಯಾರಾದರೂ ಬಂದರೆ ನಾನು “ಚಾ ತರಸ್ಲೇನ್ರಿ?” ಎನ್ನಬೇಕು. ಅವರು “ಛೇ ಛೇ, ಬ್ಯಾಡ್ರಿ, ಈಗರ ಕುಡದ ಬಂದೇನಿ” ಎನ್ನಬೇಕು. “ಅರ್ಧಾ ಕುಡೀರಿ” ಎಂದು ನಾನು, “ಅರ್ಧಾ ಅಂದ್ರ ನಡೀತೈತಿ” ಎಂದು ಅವರು. ಆಮೇಲೆ ಪೂರ್ತಿ ಕಪ್ಪು ಬರುತ್ತದೆ, ಪೂರ್ತಿ ಖಾಲಿಯಾಗುತ್ತದೆ. ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ಈ ವಿದ್ಯೆಯಲ್ಲಿ ನಾನು ಚೆನ್ನಾಗಿಯೇ ಪಳಗಿದ್ದೇನೆ. ಮದುವೆಯಾದ ಹೊಸದರಲ್ಲಿ ಖಾನಾಪುರದ ಮಾವನ ಮನೆಗೆ ಊಟಕ್ಕೆ ಹೊರಟಾಗ ನಮ್ಮವ್ವ ನನ್ನನ್ನು ಬಾಜು ಕರೆದು, “ಬರಗೆಟ್ಟವರಂಗ ಉಣ್ಣಬ್ಯಾಡ. ಬ್ಯಾಡ ಬ್ಯಾಡ ಅನ್ನು, ಅವರ ಹಾಕ್ತಾರ” ಎಂದು ಪಾಠ ಹೇಳಿಕೊಟ್ಟಿದ್ದಳು. ಅಂದಿನಿಂದ ಅಭ್ಯಾಸ ಮಾಡಿದ್ದೇನೆ. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು, ಆದರೆ ಬೆರಳುಗಳ ನಡುವೆ ತುಪ್ಪ ಇಳಿಯುವಷ್ಟು ಸಂದಿ ಬಿಟ್ಟಿರಬೇಕು. ಮುಖದ ಮೇಲೆ ಸಂಕಟ ಕಾಣಬೇಕು, ತಲೆ ಅಲ್ಲಾಡಬೇಕು, ತಾಟು ಮಾತ್ರ ಕೂದಲೆಳೆಯಷ್ಟೂ ಹಿಂದೆ ಸರಿಯಬಾರದು. ನಮ್ಮ ಅತ್ತೆಯೂ ಕಡಿಮೆಯವರಲ್ಲ. ಬೇಡವೆಂದು ಮೂರು ಬಾರಿ ಹೇಳದವನನ್ನು ಅವರು ಮನುಷ್ಯನೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂರು ಬಾರಿ ಹೇಳಿದವನನ್ನು ತಿನ್ನಿಸದೆ ಬಿಡುವುದಿಲ್ಲ. ನಮ್ಮಿಬ್ಬರ ಜೋಡಿ ಬಹಳ ಚೆನ್ನಾಗಿ ಹೊಂದಿಕೊಂಡಿತ್ತು. ನನ್ನ ಹೊಟ್ಟೆ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ.

ಇಂಥ ಊರಿನಲ್ಲಿ, ಇಂಥ ಅಪ್ಪನಿಗೆ ಗೌರಿ ಮಗಳಾಗಿ ಹುಟ್ಟಿದಳು. ಈಗ ಅವಳಿಗೆ ಆರು ವರ್ಷ. ಅವಳಿಗೆ ಆಟಿಸಂ ಇದೆ ಎಂದು ಡಾಕ್ಟರು ಹೇಳಿದ ದಿನ ನಾನೂ ನನ್ನ ಹೆಂಡತಿ ಸವಿತಾಳೂ ಮನೆಗೆ ಬಂದು ಗೋಡೆ ನೋಡುತ್ತ ಕುಳಿತಿದ್ದೆವು. ಈಗ ಗೋಡೆ ನೋಡುವಷ್ಟು ಪುರುಸೊತ್ತೇ ಇಲ್ಲ. ಗೌರಿಗೆ ಅನ್ನ ಬೆಳ್ಳಗಿರಬೇಕು, ಅದಕ್ಕೆ ಏನೂ ತಾಗಿರಬಾರದು. ಮೊಸರು ಬೇರೆ ಬಟ್ಟಲಲ್ಲಿರಬೇಕು. ಬಿಸ್ಕೀಟು ಚೌಕವಾಗಿರಬೇಕು, ಒಂದು ಮೂಲೆಯೂ ಮುರಿದಿರಬಾರದು. ಹೀಗಾಗಿ ನಾನು ಅಂಗಡಿಯಲ್ಲಿ ಬಿಸ್ಕೀಟಿನ ಪುಡಿಕೆಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿಯೇ ಕೊಳ್ಳುತ್ತೇನೆ. ನಮ್ಮ ಓಣಿಯ ಅಂಗಡಿಯವನು ಮೊದಮೊದಲು ಸಿಟ್ಟಾಗುತ್ತಿದ್ದ. ಈಗ ಬೇರೆ ಗಿರಾಕಿಗಳಿಗೆ, “ಅವರಿಗೆ ಒಳಗ ಮುರದದ್ದು ಹೊರಗ ಕೇಳಸ್ತೈತ್ರಿ” ಎಂದು ಅಭಿಮಾನದಿಂದ ಹೇಳುತ್ತಾನೆ. ಜನ ನನ್ನನ್ನು ಒಂದು ಥರಾ ನೋಡುತ್ತಾರೆ.

ಮಾತು ಅವಳಿಗೆ ತಡವಾಗಿ ಬಂತು. ಬೇಡವಾದದ್ದು ಎದುರಿಗೆ ಬಂದರೆ ಮೊದಲೆಲ್ಲ ಕಿರುಚುತ್ತಿದ್ದಳು, ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದಳು. ನೆಹರು ನಗರದಲ್ಲಿ ಅವಳಿಗೆ ಮಾತು ಕಲಿಸುವ ಮೇಡಂ ಒಬ್ಬರಿದ್ದಾರೆ. ಅವರ ಹತ್ತಿರ ಎಷ್ಟೋ ತಿಂಗಳು ಹೋದ ಮೇಲೆ ಒಂದು ದಿನ ಬೆಳಿಗ್ಗೆ, ನಾನು ಅವಳ ಮುಂದೆ ಉಪ್ಪಿಟ್ಟಿನ ತಾಟು ಇಟ್ಟಾಗ, ಗೌರಿ ಅದನ್ನು ದೂರ ತಳ್ಳಿ ಸ್ಪಷ್ಟವಾಗಿ “ಬ್ಯಾಡ” ಎಂದಳು. ಸವಿತಾ ಅಡುಗೆಮನೆಯಿಂದ ಓಡಿಬಂದಳು. ಇಬ್ಬರೂ ಅತ್ತೆವು, ನಕ್ಕೆವು, ಮತ್ತೆ ಅತ್ತೆವು. ಉಪ್ಪಿಟ್ಟು ಮಾಡಿದವನು ನಾನೇ, ಆದರೂ ನನಗೆ ಬೇಜಾರಾಗಲಿಲ್ಲ. ಮೇಡಂ ಮಾತ್ರ ಗಂಭೀರವಾಗಿ ಒಂದು ಕಟ್ಟಳೆ ಹಾಕಿದರು. “ಇನ್ನ ಮ್ಯಾಲ ಆಕಿ ಊಟದಾಗ ಬ್ಯಾಡ ಅಂದ್ರ ಬ್ಯಾಡ. ಎರಡನೇ ಸಲ ಕೇಳಬ್ಯಾಡ್ರಿ. ಅಂದದ್ದು ನಡೀತೈತಿ ಅಂತ ನಂಬಿಕಿ ಬಂದ್ರನ ಬ್ಯಾರೆ ಮಾತು ಬರ್ತಾವು” ಎಂದರು. ಮನೆಯಲ್ಲಿ ನಾವು ಇದನ್ನು ಚಾಚೂ ತಪ್ಪದೆ ಪಾಲಿಸಿದೆವು.

ಎಡವಟ್ಟಾದದ್ದು ಖಾನಾಪುರದಲ್ಲಿ. ಹೋದ ವರ್ಷ ಯುಗಾದಿಗೆ ಹೋಗಿದ್ದೆವು. ಅತ್ತೆ ಹೋಳಿಗೆ ಹಿಡಿದು ಬಂದರು. ಗೌರಿ “ಬ್ಯಾಡ” ಎಂದಳು. ಅತ್ತೆಗೆ ಆನಂದವೋ ಆನಂದ. “ಅಯ್ಯ ನನ ಬಂಗಾರ, ಎಷ್ಟ ಛಂದ ಬ್ಯಾಡ ಅಂತೈತಿ!” ಎಂದು ಮತ್ತೆ ಕೇಳಿದರು. ಮತ್ತೆ “ಬ್ಯಾಡ”. ಮೂರನೆಯ ಬಾರಿಯೂ “ಬ್ಯಾಡ”. ಅತ್ತೆಯ ಲೆಕ್ಕದಲ್ಲಿ ಮರ್ಯಾದೆಯ ಕ್ರಮವೆಲ್ಲ ಮುಗಿದಿತ್ತು, ಇನ್ನು ತಿನ್ನಿಸುವುದಷ್ಟೇ ಬಾಕಿ. ತುಪ್ಪದಲ್ಲಿ ಅದ್ದಿದ ಒಂದು ತುತ್ತನ್ನು ಪ್ರೀತಿಯಿಂದ ಅವಳ ಬಾಯಿಗೆ ಇಟ್ಟೇಬಿಟ್ಟರು. ಸವಿತಾ “ಅವ್ವಾ!” ಎಂದು ಕೂಗುವಷ್ಟರಲ್ಲಿ ಗೌರಿ ವಾಂತಿ ಮಾಡಿಕೊಂಡು, ಕಿರುಚುತ್ತ ಮಂಚದ ಕೆಳಗೆ ಸೇರಿದ್ದಳು. ಸಂಜೆಯತನಕ ಹೊರಗೆ ಬರಲಿಲ್ಲ.

ಅಂದಿನಿಂದ ಗೌರಿ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಆಮೇಲೊಮ್ಮೆ ಕಾರಿನಲ್ಲಿ ಕರೆದುಕೊಂಡು ಹೋದೆವು. ಬಾಗಿಲ ಮುಂದೆ ಕಾರು ನಿಂತರೂ ಇಳಿಯಲೊಲ್ಲಳು. ಕೊನೆಗೆ ನಾವು ಮೂವರೂ ಕಾರಿನಲ್ಲೇ ಕುಳಿತೆವು, ಅತ್ತೆ ಕಿಟಕಿಯಿಂದ ತಾಟು ಕೊಟ್ಟರು. ಹಾಗೆ ಕಾರಿನಲ್ಲಿ ಕುಳಿತೂ ನಾನು “ಬ್ಯಾಡ್ರಿ, ಸಾಕ್ರಿ” ಎನ್ನುತ್ತ ಕಿಟಕಿಗೆ ಕೈ ಅಡ್ಡ ಹಿಡಿದಿದ್ದೆ ಎಂದು ಸವಿತಾ ಇವತ್ತಿಗೂ ಆಡಿಕೊಳ್ಳುತ್ತಾಳೆ. ಆದರೆ ಅಂದು ಅವಳು ನಗಲಿಲ್ಲ. ಮಗಳನ್ನು ಬಿಟ್ಟು ತವರಿಗೆ ಹೋಗುವಂತಿಲ್ಲ, ಕರೆದುಕೊಂಡೂ ಹೋಗುವಂತಿಲ್ಲ. ತಾಯಿಯ ಮನೆಯಲ್ಲಿ ಒಂದು ರಾತ್ರಿ ಮಲಗಿ ವರ್ಷ ದಾಟಿತ್ತು. ಅತ್ತೆಯೋ ಫೋನಿನಲ್ಲಿ, “ಎಲ್ಲಾರ ಮೊಮ್ಮಕ್ಕಳೂ ಆಯಿ ಕೈತುತ್ತು ತಿಂತಾವು. ನನ್ನ ಕೈಯಾಗ ಏನ್ ವಿಷ ಐತೇನು?” ಎಂದು ಕೇಳಿದರು. ಸವಿತಾ ಫೋನು ಇಟ್ಟುಬಿಟ್ಟಳು. ಆಮೇಲೆ ತಾಯಿ ಮಗಳ ನಡುವೆ ಮಾತು ಕಡಿಮೆಯಾಯಿತು.

ಈ ಸಲ ನಾಗರ ಪಂಚಮಿ ಹತ್ತಿರ ಬಂದಾಗ ಅತ್ತೆ ಸವಿತಾಗೆ ಮಾಡದೆ ನೇರವಾಗಿ ನನಗೇ ಫೋನು ಮಾಡಿದರು. “ಹೆಣ್ಣಮಗಳು ಪಂಚಮಿಗೆ ತವರಿಗೆ ಬರಲಿಲ್ಲಂದ್ರ ಮಂದಿ ಏನರ ಅನ್ನಲಿ, ಅದ ಬಿಡ್ರಿ ಅಳಿಯಾರ. ನನಗ ಉಂಡಿ ಕಟ್ಟಾಕ ಕೈನ ಏಳವಲ್ದು. ಮಾವಿನ ಗಿಡಕ್ಕ ಜೋಕಾಲಿ ಕಟ್ಟಸೇನಿ. ಕೂಸಿಗೆ ಜೋಕಾಲಿ ಸೇರತೈತಿ ಅಲ್ರಿ?” ಎಂದರು. ದನಿ ನಡುಗುತ್ತಿತ್ತು. ಅಳು ಬರುವಂತಾದಾಗ ಉಪದೇಶ ಮಾಡುವುದು ನನ್ನ ಸ್ವಭಾವ.

“ಅತ್ತಿ, ಒಂದ ಸಲ ಕೇಳ್ರಿ. ಬ್ಯಾಡ ಅಂದ್ಲಂದ್ರ ಬಿಟ್ಟಬಿಡ್ರಿ” ಎಂದೆ.

“ಒಂದ ಸಲ ಕೇಳಿ ಬಿಟ್ರ ಅದು ಕೇಳಿದಂಗೇನ್ರಿ? ತಿನ್ನಬ್ಯಾಡ ಅಂದಂಗ ಆತು.”

“ಬರೇ ಆಕಿಗೆ ಅಲ್ರಿ, ಮನ್ಯಾಗ ಎಲ್ಲಾರಿಗೂ ಅದ ರೂಲ್ ಇಡ್ರಿ. ಎಲ್ಲಾರಿಗೂ ಹಂಗ ನಡೀತೈತಿ ಅಂತ ಕಣ್ಣಾರೆ ನೋಡಿದ್ಲಂದ್ರ ಆಕಿಗೆ ಧೈರ್ಯ ಬರತೈತಿ.”

“ಎಲ್ಲಾರಿಗೂನೂ?”

“ಎಲ್ಲಾರಿಗೂನೂ” ಎಂದು ನಾನು ಬಹಳ ಗಟ್ಟಿಯಾಗಿ ಹೇಳಿದೆ. ಆ ಹೊತ್ತಿಗೆ ನನ್ನ ತಾಟಿನ ಯೋಚನೆ ನನಗೆ ಬರಲಿಲ್ಲ. ಬಾಜು ಕುಳಿತು ಕೇಳುತ್ತಿದ್ದ ಸವಿತಾ ಮಾತ್ರ ನನ್ನನ್ನೇ ನೋಡಿ, “ಭಾಳ ಶಾಣ್ಯಾ ಇದ್ದೀರಿ” ಎಂದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಪಂಚಮಿಯ ದಿನ ಹೊರಟೆವು. ದಾರಿಯುದ್ದಕ್ಕೂ ಸವಿತಾ ಮಡಿಲಲ್ಲಿ ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಕುಳಿತಿದ್ದಳು. ಈ ಸಲವೂ ಆಗದಿದ್ದರೆ ಇನ್ನು ತವರಿನ ಹೆಸರೆತ್ತುವುದಿಲ್ಲ ಎಂದು ಹಿಂದಿನ ದಿನವೇ ಹೇಳಿದ್ದಳು. ಮನೆ ಬಂತು. ಗೌರಿ ಬಾಗಿಲು ನೋಡಿ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಅಂಗಳದ ಜೋಕಾಲಿ ಕಾಣಿಸಿತು. ಸ್ವಲ್ಪ ಹೊತ್ತು ಎರಡನ್ನೂ ಬದಲಿಸಿ ಬದಲಿಸಿ ನೋಡಿದಳು. ಕೊನೆಗೆ ಇಳಿದು, ಮನೆಯ ಕಡೆ ಮುಖ ತಿರುಗಿಸದೆ, ಸೀದಾ ಜೋಕಾಲಿ ಹತ್ತಿದಳು.

ಅತ್ತೆ ಶೇಂಗಾ ಉಂಡಿಯ ಬಟ್ಟಲು ಹಿಡಿದು ಬಂದು, ಮಾರು ದೂರದಲ್ಲೇ ನಿಂತರು. “ಗೌರಿ, ಉಂಡಿ ಬೇಕೇನವ್ವ?” ಎಂದರು. “ಬ್ಯಾಡ” ಎಂದಳು ಗೌರಿ. ಅತ್ತೆಯ ತುಟಿ ಅಲ್ಲಾಡಿತು. ಒಳಗೆ ಎರಡನೆಯ “ಬೇಕೇನು” ಹೊರಡಲು ಒದ್ದಾಡುತ್ತಿದ್ದುದು ನನಗೆ ಕಾಣಿಸುತ್ತಿತ್ತು. ಅರವತ್ತು ದಾಟಿದ ಹೆಂಗಸು, ಜೀವಮಾನದಲ್ಲಿ ಯಾರನ್ನೂ ಒಂದೇ ಸಲ ಕೇಳಿ ಬಿಟ್ಟವರಲ್ಲ. ಆದರೂ ಬಾಯಿ ಮುಚ್ಚಿಕೊಂಡು ನಿಂತರು. ಅಷ್ಟರಲ್ಲಿ ಬಾಜು ಮನೆಯ ಮಾವಶಿ ಬಂದರು. ಆ ಮರಾಠಿ ಹೆಂಗಸು ಬಹಳ ಒಳ್ಳೆಯವರು, ಅದೇ ತೊಂದರೆ. “ಅಗ ಘೇ ನಾ ಬಾಳಾ, ಏಕಚ್ ಘೇ” ಎಂದು, ಒಂದೇ ಒಂದು ತಗೋ ಎನ್ನುತ್ತ ಅತ್ತೆಯ ಬಟ್ಟಲಿನಿಂದ ಒಂದು ಉಂಡಿ ಎತ್ತಿಕೊಂಡು ಗೌರಿಯ ಬಾಯಿಯ ಕಡೆ ಹೊರಟೇಬಿಟ್ಟರು. ಗೌರಿ ಕಣ್ಣು ಮುಚ್ಚಿ ಹಗ್ಗ ಹಿಡಿದುಕೊಂಡಳು. ಸವಿತಾ ಓಡಿದಳು. ಅವಳಿಗಿಂತ ಮುಂಚೆ ಅತ್ತೆ ಹೋಗಿ ಮಧ್ಯೆ ನಿಂತಿದ್ದರು.

“ನಕೋ ಮ್ಹಣಾಲಿ ನಾ ತೀ? ನಕೋ ಮ್ಹಣಜೇ ನಕೋ!”

ಬೇಡ ಎಂದಳಲ್ಲ, ಬೇಡ ಎಂದರೆ ಬೇಡ. ಆ ದನಿಗೆ ಮಾವಶಿ ಬೆಚ್ಚಿಬಿದ್ದು, ಕೈಯಲ್ಲಿದ್ದ ಉಂಡಿಯನ್ನು ಏನು ಮಾಡುವುದೆಂದು ತಿಳಿಯದೆ ತಾವೇ ಬಾಯಿಗೆ ಹಾಕಿಕೊಂಡರು. ಅತ್ತೆ ಏನೂ ಆಗದವರಂತೆ ಒಳಗೆ ನಡೆದರು.

ಗೌರಿ ಕಣ್ಣು ತೆರೆದು, ಕಾಲೂರಿ ಜೋಕಾಲಿ ನಿಲ್ಲಿಸಿದಳು. ಅತ್ತೆ ಹೋದ ದಾರಿಯನ್ನೇ ತುಸು ಹೊತ್ತು ನೋಡಿದಳು. ಇಳಿದಳು. ನಾನೂ ಸವಿತಾಳೂ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆಯೇ ಹೊಸ್ತಿಲು ದಾಟಿ ಒಳಗೆ ಹೋದಳು. ನಾವು ಬೆಕ್ಕಿನ ಹೆಜ್ಜೆ ಇಟ್ಟು ಹಿಂದೆ ಹೋಗಿ ನೋಡಿದರೆ, ಅತ್ತೆ ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದಾರೆ, ಗೌರಿ ಅವರ ಬೆನ್ನಿಗೆ ತನ್ನ ಬೆನ್ನು ಹಚ್ಚಿ ಕುಳಿತು ಕಾಲು ಅಲ್ಲಾಡಿಸುತ್ತಿದ್ದಾಳೆ. ಅತ್ತೆ ಕಲ್ಲಿನ ಹಾಗೆ ಕುಳಿತಿದ್ದರು. ಕಣ್ಣಿಂದ ಮಾತ್ರ ನೀರು ಹರಿಯುತ್ತಿತ್ತು. “ಸವಿತಾ, ಒಲಿ ಮ್ಯಾಲ ಹಾಲ ಇಟ್ಟೇನಿ, ನೀನ ನೋಡವ್ವ. ನಾ ಏಳಂಗಿಲ್ಲ” ಎಂದು ಪಿಸುಗುಟ್ಟಿದರು. ಸವಿತಾ ಹಾಲು ಇಳಿಸಲು ಹೋದವಳು ಅಲ್ಲೇ ಗೋಡೆಗೆ ಒರಗಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, “ಅವ್ವಾ, ಇವತ್ತ ನಾವು ಇಲ್ಲೇ ಇರ್ತೇವಿ” ಎಂದಳು. ನನ್ನ ಕಣ್ಣುಗಳೂ ಒದ್ದೆಯಾಗಿದ್ದವು. ಒಲೆಯ ಹೊಗೆ ಎಂದೆ. ಅದು ಗ್ಯಾಸ್ ಒಲೆ.

ಮಧ್ಯಾಹ್ನ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತೆವು. ಗೌರಿ ಅತ್ತೆಯ ಬಲಗಡೆ ಕುಳಿತಳು. ಅತ್ತೆ “ಅನ್ನ?” ಎಂದರು. ಗೌರಿ ತಾಟು ಮುಂದೆ ಮಾಡಿದಳು. ಒಂದು ಚಮಚೆ ಬಿಳಿ ಅನ್ನ ಬಿತ್ತು. ಇನ್ನೊಂದಕ್ಕೆ ಹೊರಟ ಕೈಯನ್ನು ಅತ್ತೆ ತಮ್ಮ ಇನ್ನೊಂದು ಕೈಯಿಂದ ಹಿಡಿದುಕೊಂಡರು. ಗೌರಿ ತಿಂದಳು. ಆ ಮನೆಯಲ್ಲಿ ಅವಳು ತಾನಾಗಿ ತಿಂದ ಮೊದಲ ಅನ್ನ ಅದು.

ಆಮೇಲೆ ಅತ್ತೆ ಎದ್ದು ನನ್ನ ಕಡೆ ಬಂದರು. ಅವರ ಕೈಯ ತಾಟಿನಲ್ಲಿ ಎಳ್ಳುಂಡಿ, ಶೇಂಗಾ ಉಂಡಿ, ರವೆ ಉಂಡಿ, ನಡುವೆ ನನಗೆ ಪ್ರಾಣವಾದ ಅಂಟಿನ ಉಂಡಿ. “ಅಳಿಯಾರ, ಉಂಡಿ?” ಎಂದರು. ನಾನು ಸಂತೋಷದಲ್ಲಿದ್ದೆ. ಎಂದಿಗಿಂತ ಚೆಂದವಾಗಿ ಎರಡೂ ಕೈ ಅಡ್ಡ ಹಿಡಿದು, ಬೆರಳು ಬಿಡಿಸಿ, ಮುಖದ ತುಂಬ ಸಂಕಟ ತುಂಬಿಕೊಂಡು, “ಅಯ್ಯ, ಬ್ಯಾಡ್ರಿ ಅತ್ತಿ” ಎಂದೆ.

ಅತ್ತೆ ಮುಂದಕ್ಕೆ ಹೋದರು.

ನನ್ನ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತ್ತು. ತುಪ್ಪದ ಗಿಂಡಿ ಬಂತು. ರೂಢಿಯ ಮೇಲೆ ಮತ್ತೆ “ಬ್ಯಾಡ್ರಿ” ಎಂದುಬಿಟ್ಟೆ. ಅದೂ ಹೋಯಿತು. ಸವಿತಾಳ ಕಡೆ ನೋಡಿದೆ. ಅವಳು ತನ್ನ ಎರಡನೆಯ ಉಂಡಿಯನ್ನು ಬಹಳ ಗಮನವಿಟ್ಟು ಮುರಿಯುತ್ತಿದ್ದಳು. ಬಾಜು ಕುಳಿತ ಮಾವ ನನ್ನ ಕಿವಿಯಲ್ಲಿ, “ಎರಡ ದಿನಾತು, ನಾನೂ ತುಪ್ಪ ಇಲ್ಲದ ಉಣ್ಣಾಕತ್ತೇನಿ. ಬೇಕಾದ್ರ ಬೇಕು ಅನಬೇಕಂತ್ರಿ. ಯಾರೋ ಶಾಣ್ಯಾರು ಹೇಳ್ಯಾರಂತ” ಎಂದರು.

ಬೇಕು ಎನ್ನುವುದೇನು ದೊಡ್ಡ ಮಾತೇ? ಬಾಯಿ ತೆರೆದೆ. ಬರಲಿಲ್ಲ. ಮಾವನ ಮನೆಯ ಪಂಕ್ತಿಯಲ್ಲಿ ಕುಳಿತು ಅಳಿಯನಾದವನು ಬೇಕು ಎನ್ನುವುದೇ? ಮೈ ಬೆವರಿತು, ಕಿವಿ ಬಿಸಿಯಾಯಿತು. ಇಷ್ಟು ಕಷ್ಟದ ಕೆಲಸವನ್ನು ನಮ್ಮ ಆರು ವರ್ಷದ ಮಗಳಿಂದ ವಾರಕ್ಕೆ ಮೂರು ದಿನ ಮೇಡಂ ಹತ್ತಿರ ಮಾಡಿಸುತ್ತಿದ್ದೇವಲ್ಲ ಎಂದು ಆಗ ಮೊದಲ ಬಾರಿಗೆ ಹೊಳೆಯಿತು. ತಲೆ ತಗ್ಗಿಸಿಕೊಂಡೇ, “ಅತ್ತಿ… ನನಗ… ಅಂಟಿನುಂಡಿ… ಬೇಕ್ರಿ” ಎಂದೆ.

ಎಲ್ಲರೂ ಊಟ ನಿಲ್ಲಿಸಿ ನನ್ನತ್ತ ನೋಡಿದರು. ಆಗ ಗೌರಿ, ಯಾರ ಮುಖವನ್ನೂ ಸುಲಭಕ್ಕೆ ನೋಡದ ನಮ್ಮ ಗೌರಿ, ತಾಟಿನಿಂದ ತಲೆಯೆತ್ತಿ ನನ್ನ ಮುಖವನ್ನೇ ನೇರವಾಗಿ ನೋಡಿದಳು. ಅನ್ನ ಮೆತ್ತಿದ ಕೈಯಿಂದ ಒಮ್ಮೆ ಚಪ್ಪಾಳೆ ತಟ್ಟಿದಳು. “ಶಾಬಾಸ್” ಎಂದಳು. ತರಬೇತಿಯಲ್ಲಿ ಅವಳಿಂದ ಒಂದು ಮಾತು ಹೊರಟಾಗ ಮೇಡಂ ಹೇಳುವ ದನಿಯಲ್ಲೇ ಹೇಳಿದಳು.

“ಎಷ್ಟ ಹಾಕ್ಲಿ?” ಎಂದರು ಅತ್ತೆ, ಒಂದೇ ಸಲ.

ಎರಡು ಎಂದೆ. ಬೇಕಾಗಿದ್ದದ್ದು ನಾಲ್ಕು. ಆದರೆ ಮೊದಲ ದಿನವೇ ಅಷ್ಟೆಲ್ಲ ಮಾತು ನನಗೆ ಬರಲಿಲ್ಲ.