ಮೀನಿನ ಕ್ವಾರ್ಟರ್

ವಿಜಯನಗರದಲ್ಲಿ ಮದುವೆಯಾಗದ ಹುಡುಗ ಬಾಡಿಗೆ ರೂಮು ಕೇಳಿದರೆ ಜನ ನಾಯಿ ಬಿಡುತ್ತಾರೆ. ಹನಿ ಹೆಂಡವನ್ನೂ ಮುಟ್ಟುವವನಲ್ಲ ಎಂದು ಆಣೆ ಮಾಡಿದ ಮೇಲೆಯೇ ಗುರುಸಿದ್ದಯ್ಯನವರು ಗಿರಿರಾಜನಿಗೆ ಮಹಡಿಯ ರೂಮು ಕೊಟ್ಟಿದ್ದರು. ಅಂಥ ಓನರು ಊರಿಗೆ ಹೊರಡುತ್ತಾ, "ಹಾಲ್‌ನಲ್ಲಿರೋ ಗಾಜಿನ ತೊಟ್ಟಿಲಿ ನನ್ನ ಸಮುದ್ರದ ಮೀನುಗಳಿವೆಯಲ್ಲ, ಅವಕ್ಕೆ ಮೇವು ಹಾಕ್ತಿರಪ್ಪಾ" ಎಂದರೆ ಆಗಲ್ಲ ಅನ್ನುವುದಕ್ಕಾಗುತ್ತದೆಯೇ?

ಅವರ ಆಟೋ ತಿರುವು ದಾಟಿತೋ ಇಲ್ಲವೋ, ಹೆಂಡತಿ ನೀಲಗಂಗಮ್ಮ ಸತ್ತ ಇಲಿಯನ್ನು ಹಿಡಿದಂತೆ ಎರಡೇ ಬೆರಳಲ್ಲಿ ವೋಡ್ಕಾ ಬಾಟಲಿ ಹಿಡಿದು ಬಂದರು.

"ಔಷಧಿ ವಿಷಯ ಹೇಳೋದೇ ಮರ್ತ್ರು ನೋಡು. ಉಪ್ಪುನೀರಲ್ಲಿ ನೈಟ್ರೇಟು ಅಂತ ಏನೋ ವಿಷ ಸೇರ್ಕೊಳ್ಳುತ್ತಂತೆ. ಅದನ್ನ ತಿನ್ನೋ ಬ್ಯಾಕ್ಟೀರಿಯಾಗೆ ಇದೇ ಊಟವಂತೆ."

ಗಿರಿರಾಜ್ ಬೆಚ್ಚಿದ. "ಎಷ್ಟು ಹಾಕ್ಬೇಕು ಆಂಟಿ?"

"ದಿನಾ ಒಂದು ಕ್ವಾರ್ಟರ್. ಆ ವಾಸನೆ ನಂಗಾಗಲ್ಲ ಅಂತ ಬಾಗಿಲು ಹಾಕ್ಕೊಂಡು ಅವರೇ ಹಾಕ್ತಾರೆ, ಪಾಪ."

ಹಾಕಿದ. ಮಾರನೆಯ ದಿನವೂ ಹಾಕಿದ. ಅದರ ಮಾರನೆಯ ಬೆಳಿಗ್ಗೆ ತೊಟ್ಟಿ ನೋಡಿದವನೇ ಆಂಟಿಯನ್ನು ಕೂಗಿ ಕರೆದ. ನೀರು ಗಂಜಿಯಂತೆ ಬೆಳ್ಳಗಾಗಿತ್ತು. ಮೀನುಗಳೆಲ್ಲ ಮೇಲಕ್ಕೆ ಬಂದು, ಆಫೀಸು ಹೊತ್ತಿನ ಮೆಟ್ರೋದೊಳಗೆ ಸಿಕ್ಕಿಕೊಂಡವರಂತೆ ಬಾಯಿ ಬಾಯಿ ಬಿಡುತ್ತಿದ್ದವು.

"ಔಷಧಿ ಸಾಲ್ದಾಗಿದೆ, ಇನ್ನೊಂದಿಷ್ಟು ಹಾಕು!" ಎಂದರು ನೀಲಗಂಗಮ್ಮ. ಅವನು ಗಾಬರಿಯಿಂದ ಬಾಟಲಿ ಎತ್ತುವಷ್ಟರಲ್ಲಿ ಪಕ್ಕದ ಮನೆಯ ಮುನಿತಾಯಮ್ಮ ಕಿಟಕಿಯಿಂದ ಕಿರುಚಿದರು.

"ಅಯ್ಯೋ ಶಿವನೇ! ಹುಡ್ಗ ಹಾಡಹಗಲೇ ಎಣ್ಣೆ ಹೊಡೀತಾವ್ನೆ!"

ಬಾಟಲಿ ಜಾರಿತು. ಅಂಗಿಯೆಲ್ಲ ವೋಡ್ಕಾ.

ಅದೇ ಹೊತ್ತಿಗೆ ಗುರುಸಿದ್ದಯ್ಯನವರು ಬ್ಯಾಗು ಹಿಡಿದು ಊರಿಂದ ಬಂದರು. ತೊಟ್ಟಿ ನೋಡಿದವರೇ ಗಿರಿರಾಜನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು.

"ಏನೋ ಹಾಕ್ದೆ?"

"ದಿನಾ ಒಂದು ಕ್ವಾರ್ಟರ್, ಸಾರ್. ಆಂಟಿ ಹೇಳಿದ್ರು."

"ಕೊಂದ್ಯಲ್ಲೋ! ನಾಲ್ಕು ಹನಿ ಹಾಕ್ಬೇಕು ಕಣೋ! ಜಾಸ್ತಿಯಾದ್ರೆ ಆ ಬ್ಯಾಕ್ಟೀರಿಯಾ ಕೊಬ್ಬಿ, ಮೀನಿನ ಗಾಳಿನೆಲ್ಲ ಎಳ್ಕೊಳ್ಳುತ್ತೆ!"

"ನಾಲ್ಕೇ ಹನಿನಾ? ಮತ್ತೆ... ದಿನಾ ಮಿಕ್ಕಿದ್ದು, ಸಾರ್?"

ಗುರುಸಿದ್ದಯ್ಯನವರ ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿಗಿಳಿಯಿತು. ಅಷ್ಟರಲ್ಲಿ ಬಾಗಿಲು ದಬದಬ ಬಡಿದು ನೀಲಗಂಗಮ್ಮ ನುಗ್ಗಿದರು. ಅವರ ಬೆನ್ನಿಗೇ ಮುನಿತಾಯಮ್ಮ.

"ಏನಾಯ್ತಂತೆ ರೀ?"

"ಇನ್ನೇನು? ಮೀನಿನ ಪಾಲನ್ನೆಲ್ಲ ಈ ಬೇವರ್ಸಿ ಕುಡ್ಕೊಂಡಿದಾನೆ! ಬಾ, ಅವನ ಅಂಗಿ ಮೂಸು!"

"ಆಂಟಿ, ನಾನಲ್ಲ! ಕುಡಿಯೋದು ಇವ್ರು!" ಗಿರಿರಾಜ್ ಗಂಟಲು ಹರಿಯುವಂತೆ ಕೂಗಿದ.

ಮುನಿತಾಯಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಕುಡ್ದೋರು ಹಿಂಗೇ ಕಣಮ್ಮ, ದೇವ್ರಂಥೋರ್ನೂ ಬಿಡಲ್ಲ."

ಸಂಜೆಗೆ ಗಿರಿರಾಜನ ಹಾಸಿಗೆ ಬೀದಿಗೆ ಬಂತು. ಹಲ್ಲು ಕಡಿಯುತ್ತಾ ಗೇಟು ದಾಟುತ್ತಿದ್ದವನಿಗೆ ಒಳಗಿನಿಂದ ನೀಲಗಂಗಮ್ಮನ ಮರುಕದ ದನಿ ಕೇಳಿಸಿತು.

"ಮೀನು ತುಂಬಾ ಸೊರಗಿವೆ ರೀ. ಇವತ್ತಿಂದ ಅವಕ್ಕೆ ಎರಡು ಕ್ವಾರ್ಟರ್ ಹಾಕಿ."