ಅಧ್ಯಕ್ಷರಿಗೆ ಎಂಟು ಹೂ

ಎಲ್ಲದಕ್ಕೂ ಮೂಲ ಒಂದು ಡಬ್ಬ ಎಲೆಕೋಸಿನ ಉಪ್ಪುನೀರು. ಕಾಮೆನೊಡೋಲ್ ಊರಿನ ಯಾರೋ ಒಬ್ಬ ತಾಯಿ ರಾಜಧಾನಿ ಸೋಫಿಯಾದಲ್ಲಿರುವ ಮಗನಿಗೆಂದು ಬಸ್ಸಿಗೆ ಹಾಕಿದ್ದ ಡಬ್ಬ ಅದು. ಮಗ ನಿಲ್ದಾಣಕ್ಕೆ ಬರಲಿಲ್ಲ. ಡಬ್ಬ ಅದೇ ಬಸ್ಸಿನಲ್ಲಿ ಊರಿಗೆ ಮರಳುವಾಗ ಮುಚ್ಚಳ ಸಡಿಲಾಗಿ, ನೀರೆಲ್ಲ ಪಕ್ಕದಲ್ಲಿದ್ದ ಕಾಗದದ ಕಟ್ಟಿಗೆ ಇಳಿಯಿತು. ಬೆಳಗ್ಗೆ ಮೆತೋದಿ ಕಟ್ಟು ಬಿಚ್ಚಿ ನೋಡಿದರೆ, ಗಣರಾಜ್ಯದ ಅಧ್ಯಕ್ಷ ಹಾರಲಾಂಪಿ ದ್ರಾಗೋಸ್ತಿನೋವ್ ಅವರ ಹುಬ್ಬುಗಳು ಗಲ್ಲಕ್ಕೆ ಇಳಿದಿದ್ದವು. ಮುನ್ನೂರು ಭಿತ್ತಿಪತ್ರಗಳಲ್ಲಿ ಒಂದರಲ್ಲೂ ಅವರಿಗೆ ಮೂಗು ಉಳಿದಿರಲಿಲ್ಲ.

ಅಧ್ಯಕ್ಷರು ಹುಟ್ಟಿದ್ದು ಈ ಊರಿನಲ್ಲೇ. ಎರಡನೆಯ ಸಲ ಚುನಾವಣೆಗೆ ನಿಲ್ಲುವವರು, ಪ್ರಚಾರವನ್ನು ಹುಟ್ಟೂರಿನಿಂದಲೇ ಶುರುಮಾಡುತ್ತೇನೆಂದು ಹಟ ಹಿಡಿದಿದ್ದರು. ಅದೂ ಅಂದೇ ಸಂಜೆ ಐದಕ್ಕೆ. ಅದರ ಹೊಣೆ ಮೆತೋದಿಯ ತಲೆಗೆ ಬಂದದ್ದು ಅವನಿಗೆ ರಾಜಕೀಯ ಗೊತ್ತೆಂದಲ್ಲ. ಊರಿಗೆಲ್ಲ ಇದ್ದ ಒಂದೇ ಮೈಕು ಅವನ ವಶದಲ್ಲಿತ್ತು, ಅಷ್ಟೇ. ಅವನು ಊರಿನ ವಾಚನಾಲಯದ ಕಾರ್ಯದರ್ಶಿ. ಸದಸ್ಯರು ವರ್ಷಕ್ಕೊಮ್ಮೆ ಕೈ ಎತ್ತಿ ಆರಿಸುವ ಹುದ್ದೆ; ಬೇರೆ ಯಾರೂ ಕೇಳದ್ದರಿಂದ ಹದಿನೆಂಟು ವರ್ಷದಿಂದ ಅವನದೇ. ಪಿಂಚಣಿಗೆ ಇನ್ನೆರಡು ವರ್ಷ ಬಾಕಿ.

ಮೇಯರ್ ಝೋರ್ನಿತ್ಸಾ ಮೇಡಂ ಹಿಂದಿನ ದಿನವೇ ಎಚ್ಚರಿಸಿದ್ದರು. "ನೋಡು ಮೆತೋದಿ, ಚೌಕದಲ್ಲಿ ಇನ್ನೂರು ಜನ ಕಾಣ್ಬೇಕು. ಹೋದ್ಸಲ ಮಂತ್ರಿ ಬಂದಾಗ ಹನ್ನೊಂದು ಜನ, ಎರಡು ನಾಯಿ. ಈ ಸಲಾನೂ ಹಂಗೇ ಆದ್ರೆ ನಿನ್ನ ಕುರ್ಚಿಗೆ ಬೇರೆಯವರನ್ನ ಹುಡುಕ್ತೀನಿ."

ಮೂಗಿಲ್ಲದ ಅಧ್ಯಕ್ಷರನ್ನು ಕಸದ ತೊಟ್ಟಿಗೆ ಹಾಕಿ ಮೆತೋದಿ ಸ್ಟಾಮೆನ್‌ನ ಅಂಗಡಿಗೆ ಓಡಿದ. ಊರಿನಲ್ಲಿ ಮುದ್ರಿಸುವವನೆಂದರೆ ಸ್ಟಾಮೆನ್ ಒಬ್ಬನೇ. ಅವನು ಮುದ್ರಿಸುತ್ತಿದ್ದುದೂ ಒಂದೇ: ಸಾವಿನ ಹಾಳೆ. ಯಾರಾದರೂ ತೀರಿಕೊಂಡರೆ ಕಪ್ಪು ಅಂಚಿನೊಳಗೆ ಅವರ ಮುಖ, ಕೆಳಗೆ ಹೆಸರು, ಯಾವ ಹೊತ್ತಿಗೆ ಎಲ್ಲಿ ಸೇರಬೇಕೆಂಬ ಸಾಲು. ಊರಿನ ಬಾಗಿಲು, ಕಂಬ, ಮರ, ಬಸ್ ನಿಲ್ದಾಣ ಎಲ್ಲವೂ ಇಂಥ ಹಾಳೆಗಳಿಂದ ತುಂಬಿದ್ದವು. ಸತ್ತು ನಲವತ್ತು ದಿನಕ್ಕೊಂದು, ವರ್ಷಕ್ಕೊಂದು, ಐದು ವರ್ಷಕ್ಕೊಂದು ಹೊಸ ಹಾಳೆ ಬರುತ್ತಿದ್ದುದರಿಂದ ಸ್ಟಾಮೆನ್‌ಗೆ ಬಿಡುವೇ ಇರಲಿಲ್ಲ.

"ಸ್ಟಾಮೆನಣ್ಣ, ಮುನ್ನೂರು ಪ್ರತಿ ಬೇಕು. ಮಧ್ಯಾಹ್ನದೊಳಗೆ ಊರೆಲ್ಲ ಅಂಟಿರ್ಬೇಕು."

"ಯಾರದ್ದು?"

"ಅಧ್ಯಕ್ಷರದ್ದು. ತಗೋ ಫೋಟೋ."

ಸ್ಟಾಮೆನ್ ಟೋಪಿ ತೆಗೆದ. "ಅಯ್ಯೋ ದೇವ್ರೇ. ಯಾವಾಗ?"

"ಇವತ್ತೇ. ಸಂಜೆ ಐದಕ್ಕೆ, ಚೌಕದಲ್ಲಿ. ಎಲ್ಲರೂ ಬನ್ನಿ ಅಂತ ಹಾಕು."

"ಬಣ್ಣ ಅಂದ್ರೆ ನನ್ನ ಹತ್ರ ಕಪ್ಪು ಮಾತ್ರ."

"ಕಪ್ಪೇ ಸಾಕು ಮಾರಾಯ. ಮುಖ ಚೆನ್ನಾಗಿ ಬರ್ಲಿ."

"ಮುಖದ ಚಿಂತೆ ಬಿಡು. ನನ್ನ ಕೈಯಿಂದ ಹೋದೋರು ಯಾರೂ ಇಲ್ಲೀವರ್ಗೂ ದೂರು ಕೊಟ್ಟಿಲ್ಲ. ಅಂದ್ಹಾಗೆ, ಶಿಲುಬೆ ಹಾಕ್ಲೋ ಬೇಡ್ವೋ?"

ಕೊನೆಯ ಪ್ರಶ್ನೆ ಮೆತೋದಿಗೆ ಕೇಳಿಸಲಿಲ್ಲ. ಅವನು ಆಗಲೇ ಬೀದಿಯ ಕೊನೆಯಲ್ಲಿದ್ದ. ಮೈಕು ಹಂದಿ ಅರಚಿದಂತೆ ಅರಚುತ್ತಿದೆ ಎಂದು ಹೆಂಡತಿ ದಾಫಿನ್ಕಾ ವಾಚನಾಲಯದಿಂದ ಫೋನು ಮಾಡಿದ್ದಳು.

ಮೈಕನ್ನು ಸರಿಮಾಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಎಲ್ಲ ಅಂಟಿಸಿ ಆಯಿತೆಂದು ಸ್ಟಾಮೆನ್ ತಿಳಿಸಿದ. ಮೆತೋದಿ ನೋಡೋಣವೆಂದು ಹೊರಗೆ ಬಂದ. ಬೀದಿಯುದ್ದಕ್ಕೂ ಎಂದಿನ ಕಪ್ಪಂಚಿನ ಹಾಳೆಗಳು ಗಾಳಿಗೆ ಪಟಪಟನೆ ಬಡಿಯುತ್ತಿದ್ದವು. ಅವುಗಳನ್ನು ಅವನು ಕಣ್ಣೆತ್ತಿಯೂ ನೋಡಲಿಲ್ಲ. ಅವನು ಹುಡುಕುತ್ತಿದ್ದುದು ಪ್ರಚಾರದ ಭಿತ್ತಿಪತ್ರ. ಒಂದೂ ಕಾಣಲಿಲ್ಲ. ಮುನ್ನೂರು ಪತ್ರ ಎಲ್ಲಿ ಹೋದವು? ತಲೆಬುಡ ತಿಳಿಯದೆ ನಿಂತಿದ್ದಾಗ ನೆರೆಮನೆಯ ವೂನಾ ಅಜ್ಜಿ ಬಂದು ಅವನ ಎರಡೂ ಕೈ ಹಿಡಿದುಕೊಂಡಳು.

"ಏನಪ್ಪಾ ಇದು ಮೆತೋದಿ, ಇಷ್ಟು ಬೇಗ?"

ಚುನಾವಣೆಯ ಮಾತೆಂದು ಅವನು ತಿಳಿದ. "ಏನ್ಮಾಡೋದಜ್ಜಿ, ಐದು ವರ್ಷ ಆಗ್ಹೋಯ್ತಲ್ಲ."

"ಮೊನ್ನೆ ಟೀವೀಲಿ ಗಟ್ಟಿಮುಟ್ಟಾಗಿ ಕಾಣ್ತಿದ್ರು ಕಣಪ್ಪ. ನೀನು ಯೋಚ್ನೆ ಮಾಡ್ಬೇಡ. ಗೋಧಿ ನಾನು ಬೇಯಿಸ್ತೀನಿ. ಹತ್ತು ಕಿಲೋ ಸಾಕಾ?"

ಗೋಧಿ ಯಾಕೆಂದು ಮೆತೋದಿಗೆ ಹೊಳೆಯಲಿಲ್ಲ. ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯನ್ನು ಹಂಚುವುದು ಸತ್ತವರ ಹೆಸರಿನಲ್ಲಿ. ಪಾಪ, ತೊಂಬತ್ತರ ಹತ್ತಿರದ ಅಜ್ಜಿ, ತಲೆ ಕೆಟ್ಟಿರಬೇಕೆಂದು ಮರುಗಿದ. ಮುಂದೆ ಸಿಕ್ಕಿದ ಮಾಂಸದಂಗಡಿಯ ಕಿರಿಲ್ ಅವನ ಬೆನ್ನು ಸವರಿ ಹೋದ. ಇವನ ತಲೆಯೂ ಕೆಟ್ಟಿದೆಯೇ?

ಹೂವಿನಂಗಡಿಯಲ್ಲಿ ಗೊಂದಲ ಇನ್ನೂ ಹೆಚ್ಚಿತು. ಅಧ್ಯಕ್ಷರ ಕೈಗೆ ಕೊಡಲು ಒಂದು ಗುಚ್ಛ ಬೇಕೆಂದರೆ, ಹೂಮಾರುವ ನೇದ್ಯಾಲ್ಕಾ ಎಂಟು ಬಿಳಿ ಹೂ ಕಟ್ಟಿ ಮುಂದಿಟ್ಟಳು. ಬದುಕಿರುವವರಿಗೆ ಬೆಸ ಸಂಖ್ಯೆಯ ಹೂ, ಸತ್ತವರಿಗೆ ಸಮ ಸಂಖ್ಯೆಯದು ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು.

"ಅಕ್ಕ, ಎಂಟಿದೆ. ಒಂಬತ್ತು ಮಾಡು."

"ನನಗೆ ಲೆಕ್ಕ ಕಲಿಸ್ಬೇಡ. ಎಂಟೇ."

ಮೆತೋದಿ ಒಂದು ಹೂ ಹಿರಿದ. ಅವಳು ಕೈಗೆ ಪೆಟ್ಟು ಕೊಟ್ಟು ಅದನ್ನು ಮತ್ತೆ ಸಿಕ್ಕಿಸಿದಳು. ಇನ್ನೊಂದನ್ನು ಹಿರಿದ, ಅದನ್ನೂ ಸಿಕ್ಕಿಸಿದಳು. "ಇಂಥ ದಿನಾನೂ ಹುಡುಗಾಟವಾ? ಮಾನ ಮರ್ಯಾದೆ ಇದ್ಯಾ ನಿಂಗೆ?" ಎಂದು ಅವಳು ಕಣ್ಣೊರೆಸಿಕೊಂಡಾಗ ಮೆತೋದಿ ಎಂಟನ್ನೇ ಅಪ್ಪಿಕೊಂಡು ಹೊರಬಿದ್ದ.

ನಾಲ್ಕೂವರೆಗೆ ಅವನು ವಾಚನಾಲಯದ ಕಿಟಕಿಯಿಂದ ಇಣುಕಿದ. ಚೌಕ ತುಂಬಿತ್ತು! ಇನ್ನೂರಲ್ಲ, ಆರುನೂರಕ್ಕೆ ಕಡಿಮೆಯಿಲ್ಲ. ಸಂತೋಷಕ್ಕೆ ಅವನ ಕಾಲು ನೆಲದಲ್ಲಿ ನಿಲ್ಲಲಿಲ್ಲ. ಆಮೇಲೆ ಸರಿಯಾಗಿ ನೋಡಿದ. ಹೆಂಗಸರೆಲ್ಲ ಕಪ್ಪು ಬಟ್ಟೆ ತೊಟ್ಟಿದ್ದರು. ಗಂಡಸರ ಟೋಪಿ ತಲೆಯ ಮೇಲಿರದೆ ಕೈಯಲ್ಲಿತ್ತು. ಕುಣಿತದ ಹಾಡು ಬಾರಿಸಬೇಕಿದ್ದ ವಾದ್ಯದವರು ಕಾಲೆಳೆಯುವಂಥ ರಾಗ ನುಡಿಸುತ್ತಿದ್ದರು. ಮೆತೋದಿ ಹೊರಗೋಡಿ ಬಂದವನು ಬಾಗಿಲ ಬಳಿಯೇ ಕಲ್ಲಾದ. ಬಾಗಿಲ ಮೇಲೆ ಕಪ್ಪು ಅಂಚಿನ ಹಾಳೆ. ಹಾಳೆಯಲ್ಲಿ ಅಧ್ಯಕ್ಷರು ಮೂಗು ಸಮೇತ ಮುಗುಳ್ನಗುತ್ತಿದ್ದರು.

"ಸ್ಟಾಮೆನ್! ಏನ್ ಮಾಡಿದೀಯೋ?"

"ಏನಾಯ್ತು?" ಎಂದ ಜನರ ಅಂಚಿನಲ್ಲಿ ನಿಂತಿದ್ದ ಸ್ಟಾಮೆನ್. "ಮುಖ ಚೆನ್ನಾಗೇ ಬಂದಿದೆಯಲ್ಲ. ಶಿಲುಬೆ ಹಾಕಿಲ್ಲ, ರಾಜಕೀಯದೋರು ಅಂತ."

"ಅವರು ಬದುಕಿದಾರೆ ಕಣೋ! ಚುನಾವಣೆಗೆ ನಿಂತಿದಾರೆ!"

ಸ್ಟಾಮೆನ್ ಅವನನ್ನು ಕನಿಕರದಿಂದ ನೋಡಿದ. "ದುಃಖ ಜಾಸ್ತಿಯಾದ್ರೆ ಹಿಂಗೇ ಆಗೋದು."

ಮೆತೋದಿ ಜನರ ನಡುವೆ ನುಗ್ಗಿದ. "ಸುಳ್ಳು! ಅವರು ಸತ್ತಿಲ್ಲ! ಟೀವೀಲಿ ಏನಾದ್ರೂ ಹೇಳಿದ್ರಾ?"

"ಟೀವಿಯವರು ಹೇಳ್ತಾರಾ?" ಎಂದಳು ವೂನಾ ಅಜ್ಜಿ. "ಚುನಾವಣೆ ಮುಂದಿಟ್ಕೊಂಡು ಹೆಣ ಮುಚ್ಚಿಡ್ತಾರೆ. ಕಂಬದ ಮೇಲೆ ಬಂದಿರೋದು ಯಾವತ್ತಾದ್ರೂ ಸುಳ್ಳಾಗಿದ್ಯಾ?"

ಅಷ್ಟರಲ್ಲಿ ಕಿರಿಲ್ ಮೈಕು ಹಿಡಿದಾಗಿತ್ತು. ನಿನ್ನೆಯವರೆಗೂ ಅಧ್ಯಕ್ಷರ ಹೆಸರೆತ್ತಿದರೆ ಉಗುಳುತ್ತಿದ್ದವನು ಅವನು. "ನಮ್ಮೂರ ರಸ್ತೆ ಮಾಡಿಸ್ಲಿಲ್ಲ, ನಿಜ. ಆದ್ರೆ ಮಾಡಿಸ್ಬೇಕು ಅಂತ ಒಳಗೊಳಗೇ ಎಷ್ಟು ಒದ್ದಾಡಿರ್ಬೇಕು! ಆ ಒದ್ದಾಟವೇ ಅವರನ್ನ ತಿಂದ್ಹಾಕ್ತು," ಎಂದು ಗೊಳೋ ಎಂದು ಅತ್ತ. ಆಮೇಲೆ ನೇದ್ಯಾಲ್ಕಾ ಬಂದಳು. ಚಿಕ್ಕಂದಿನಲ್ಲಿ ಅವರು ತಮ್ಮ ತೋಟದ ಪೇರುಹಣ್ಣು ಕದಿಯುತ್ತಿದ್ದರೆಂದೂ, ಆದರೆ ಕೊಂಬೆ ಮಾತ್ರ ಎಂದೂ ಮುರಿದಿರಲಿಲ್ಲವೆಂದೂ ನೆನೆದಳು. ಜನ ಬಿಕ್ಕಿದರು. ಮೆತೋದಿ ಮೈಕಿಗೆ ಕೈ ಹಾಕಿದಾಗಲೆಲ್ಲ ಯಾರೋ ಅವನ ಕೋಟು ಹಿಡಿದು ಹಿಂದಕ್ಕೆಳೆದು, "ಸಾವಿನ ಹೊತ್ತಲ್ಲಿ ಗಲಾಟೆ ಮಾಡ್ಬೇಡ," ಎಂದು ಗದರಿದರು.

ಇದೆಲ್ಲವನ್ನೂ ಲಿಂಡನ್ ಮರದ ಕೆಳಗೆ ನಿಂತಿದ್ದ ಕಪ್ಪು ಕಾರಿನ ಪಕ್ಕದಲ್ಲಿ ಒಬ್ಬರು ಕೇಳುತ್ತಿದ್ದರು. ಮೊದಲು ನೋಡಿದವಳು ವೂನಾ ಅಜ್ಜಿ. ಮೂರು ಸಲ ಶಿಲುಬೆಯ ಗುರುತು ಹಾಕಿಕೊಂಡು ಕಿರುಚಿದಳು. ಚೌಕವೆಲ್ಲ ಅತ್ತ ತಿರುಗಿತು. ಅಧ್ಯಕ್ಷರು ಕರವಸ್ತ್ರದಿಂದ ಕಣ್ಣೊತ್ತಿಕೊಳ್ಳುತ್ತಾ ನಡೆದುಬಂದರು.

"ನಾಚ್ಕೆ ಆಗಲ್ವೇನಪ್ಪಾ ನಿಂಗೆ!" ಎಂದಳು ಅಜ್ಜಿ. "ಹತ್ತು ಕಿಲೋ ಗೋಧಿ ಬೇಯ್ಸಿದೀನಿ!"

ಮೇಯರ್ ಮೇಡಂ ಮುಖ ಹಾಳೆಯ ಅಂಚಿನಷ್ಟೇ ಕಪ್ಪಾಗಿತ್ತು. ಅಧ್ಯಕ್ಷರು ಮಾತ್ರ ಅಜ್ಜಿಯ ಕೈಯಿಂದ ಒಂದು ಬಟ್ಟಲು ಗೋಧಿ ಇಸಿದುಕೊಂಡು, ಎರಡು ಚಮಚ ತಿಂದು, ಮೈಕಿನ ಮುಂದೆ ನಿಂತರು.

"ಐದು ವರ್ಷದಲ್ಲಿ ನನ್ನ ಬಗ್ಗೆ ಒಬ್ರೂ ಒಂದು ಒಳ್ಳೆ ಮಾತಾಡಿರ್ಲಿಲ್ಲ. ಇವತ್ತು ಹೊಟ್ಟೆ ತುಂಬ ಕೇಳಿದೆ. ಇನ್ನೊಂದ್ಸಲ ನಿಂತ್ರೆ ನಾಳೆ ಬೆಳಗ್ಗೆಯಿಂದ್ಲೇ ಬೈಯೋಕೆ ಶುರುಮಾಡ್ತೀರ. ಯಾಕ್ಬೇಕು? ನಾನು ನಿಲ್ಲಲ್ಲ."

ಸೋಫಿಯಾದಿಂದ ಬಂದಿದ್ದ ಪ್ರಚಾರದ ಮುಖ್ಯಸ್ಥ ಇದ್ದಲ್ಲೇ ಕುಸಿದು ಕುಳಿತ. ಜನ ಮಾತ್ರ ಚಪ್ಪಾಳೆ ತಟ್ಟಿದರು. ಇಷ್ಟು ಜೋರಾದ ಚಪ್ಪಾಳೆ ಆ ಚೌಕದಲ್ಲಿ ಹಿಂದೆಂದೂ ಬಿದ್ದಿರಲಿಲ್ಲ. ಮೇಯರ್ ಮೇಡಂ ಮೆತೋದಿಯ ಕಿವಿಯಲ್ಲಿ, "ಆರುನೂರು ಜನ ಸೇರ್ಸಿದೀಯ. ಬದುಕ್ಕೊಂಡೆ ಹೋಗು," ಎಂದರು. ಬೆಳಗಿನಿಂದ ಹಿಡಿದಿಟ್ಟ ಉಸಿರನ್ನು ಮೆತೋದಿ ಈಗ ಬಿಟ್ಟ.

"ಒಂದೇ ಒಂದು ಆಸೆ," ಎಂದು ಅಧ್ಯಕ್ಷರು ಮುಂದುವರಿಸಿದರು. "ಹುಡುಗನಾಗಿದ್ದಾಗ ಆ ವಾಚನಾಲಯದ ಒಲೆ ಪಕ್ಕ ಕೂತು ಓದ್ತಿದ್ದೆ. ಅಧಿಕಾರ ಮುಗಿದ ಮೇಲೆ ಇಲ್ಲಿಗೇ ಬರ್ತೀನಿ. ಅಲ್ಲೇ ಒಂದು ಕೆಲಸ ಕೊಡಿ. ದೊಡ್ಡದೇನೂ ಬೇಡ, ಕಾರ್ಯದರ್ಶಿ ಕೆಲಸ ಆದ್ರೂ ಸಾಕು."

ಮೇಯರ್ ಮೇಡಂ ತಡಮಾಡದೆ ಅದನ್ನು ಅಲ್ಲೇ ಮತಕ್ಕೆ ಹಾಕಿದರು. ವಾಚನಾಲಯದ ಸದಸ್ಯರೆಲ್ಲ ಹೇಗೂ ಚೌಕದಲ್ಲೇ ಇದ್ದರು. ಕೈಗಳು ಮೇಲೆದ್ದವು. ದಾಫಿನ್ಕಾಳ ಕೈಯೂ ಎದ್ದಿತ್ತು.

"ನೀನೂನಾ?" ಎಂದ ಮೆತೋದಿ.

"ಸತ್ತು ಎದ್ದು ಬಂದಿದಾರೆ ಕಣ್ರೀ. ಇಲ್ಲ ಅನ್ನೋಕಾಗುತ್ತಾ?"

ಕೈ ಎಣಿಸುವುದೂ ನಡಾವಳಿ ಬರೆಯುವುದೂ ಕಾರ್ಯದರ್ಶಿಯ ಕರ್ತವ್ಯ. ಮೆತೋದಿ ಎಣಿಸಿದ. ಸರ್ವಾನುಮತ ಎಂದು ಬರೆದು ಸಹಿ ಹಾಕಿದ. ಅಧ್ಯಕ್ಷರು ಅವನನ್ನು ಬಾಚಿ ತಬ್ಬಿಕೊಂಡು, ಕೃತಜ್ಞತೆಯಿಂದ, ಮೈಕಿನ ಪಕ್ಕದ ಮೇಜಿನ ಮೇಲೆ ತಮಗೆಂದು ಇಟ್ಟಿದ್ದ ಹೂಗುಚ್ಛವನ್ನು ಅವನ ಕೈಗಿಟ್ಟರು.

ಎಣಿಸುವ ಗುಂಗಿನಲ್ಲೇ ಇದ್ದ ಮೆತೋದಿ ಹೂಗಳನ್ನೂ ಎಣಿಸಿದ. ಎಂಟೇ ಇದ್ದವು. ಅವನು ನೇದ್ಯಾಲ್ಕಾಳ ಮುಖ ನೋಡಿದ.

"ಸರಿಯಾಗೇ ಇದೆ, ಇಟ್ಕೋ," ಎಂದಳು ಅವಳು.